ಕೊನೆಯವನಿಗೆ ಸಿಗದ ವಿಶ್ರಾಂತಿ

ಊರ ಬೆನ್ನಿಗೇ ಬೆಟ್ಟವಿರುವ ಕಡೆ ಬೆಳೆದವರಿಗೆ ಒಂದು ಚಟ ಅಂಟಿಕೊಂಡಿರುತ್ತದೆ. ಸೈಕಲ್ ಕೈಗೆ ಬಂದರೆ ಸಾಕು, ಘಾಟಿ ಹತ್ತಬೇಕು, ಆಚೆ ಇಳಿಯಬೇಕು, ಎಲ್ಲೋ ತಂಗಿ ಇನ್ನೊಂದು ದಾರಿಯಿಂದ ಮನೆಗೆ ಬರಬೇಕು. ತಪ್ಪೇನಿಲ್ಲ, ಹೋಗಲಿ. ಆದರೆ ಹೊರಡುವ ಮುಂಚೆ ಸ್ವಲ್ಪ ಕೂತು ಯೋಚಿಸಿ ಅಂದರೆ ಮಾತ್ರ ಮೂಗಿನ ತುದಿಗೆ ಕೋಪ ಬರುತ್ತದೆ. "ರಸ್ತೆ ಇದೆ, ಕಾಲಿದೆ, ಇನ್ನೇನು ಬೇಕು?" ಅನ್ನುತ್ತಾರೆ. ನಮ್ಮ ಬೇಕರಿಯಣ್ಣನೂ ಹಾಗೇ ಅನ್ನುತ್ತಿದ್ದ.

ಅವತ್ತು ಮಧ್ಯಾಹ್ನ ಅವನು ಒಲೆ ಆರಿಸಿ, ಹಿಟ್ಟು ನಾದುವ ಮೇಜು ಒರೆಸಿ, ಅದರ ಮೇಲೆ ಬೆಟ್ಟದ ನಕ್ಷೆ ಹರಡಿಕೊಂಡಿದ್ದ. ಕೈಯಲ್ಲಿ ತಮ್ಮನ ಟೇಪು ಇತ್ತು. ತಮ್ಮ ದರ್ಜಿ. ಕಳೆದ ವರ್ಷ ಅಣ್ಣನ ಸೈಕಲ್ ಗುಂಪಿನ ಜೊತೆ ಘಾಟಿ ದಾಟುವಾಗ, ಆಚೆಯ ಇಳಿಜಾರಿನ ತಿರುವಿನಲ್ಲಿ ಕಟ್ಟೆ ದಾಟಿ ಕೆಳಗೆ ಬಿದ್ದು ತೀರಿಕೊಂಡ. ಅವನ ಹೊಲಿಗೆ ಯಂತ್ರವನ್ನು ತಂದು ಬೇಕರಿಯ ಮೂಲೆಯಲ್ಲಿಟ್ಟಿದ್ದರು. ಸೂಜಿಯ ಕೆಳಗೆ ಯಾರದೋ ಅಂಗಿಯ ತೋಳು ಅರ್ಧ ಹೊಲಿದದ್ದು ಹಾಗೇ ಇತ್ತು. ಅದನ್ನು ತೆಗೆಯಲು ಯಾರಿಗೂ ಕೈ ಬಂದಿರಲಿಲ್ಲ.

ತಮ್ಮ ಮುಗಿಸದ ದಾರಿಯನ್ನು ತಾನು ಮುಗಿಸಬೇಕೆಂದು ಅಣ್ಣ ಹಟ ಹಿಡಿದಿದ್ದ. ಈ ಭಾನುವಾರವೇ ಹೊರಡುವುದು. ಜೊತೆಗೆ ಹಳೆಯ ಗೆಳೆಯರಾದ ಕ್ಷೌರಿಕ ಮತ್ತು ಔಷಧಿ ಅಂಗಡಿಯವ. ಮತ್ತೆ, ಚಿಕ್ಕಪ್ಪನಿಗಾಗಿ ತಾನೂ ಬರುತ್ತೇನೆಂದ ಮಗಳು. ಅವಳು ಬೆಟ್ಟದ ದಾರಿಯಲ್ಲಿ ಒಮ್ಮೆಯೂ ಸೈಕಲ್ ಹೊಡೆದವಳಲ್ಲ. ಹೆಂಡತಿ ಅತ್ತೂ ನೋಡಿದಳು, ಜಗಳವಾಡಿಯೂ ನೋಡಿದಳು. ಕೊನೆಗೆ ಮಹಡಿ ಮೇಲಿನ ಮನೆಯ ನರ್ಸಮ್ಮನನ್ನು ಕರೆದುಕೊಂಡು ಬಂದಳು. ನರ್ಸಮ್ಮ ರಜೆ ಸಿಕ್ಕಾಗಲೆಲ್ಲ ಸೈಕಲ್ಲಿನಲ್ಲೇ ಬೆಟ್ಟ ಸುತ್ತುವವಳು. ಬೇಕರಿಯಣ್ಣ ಅವಳ ಮಾತಿಗಾದರೂ ಕಿವಿಗೊಡಬಹುದೆಂದು ಆಸೆ.

"ಏನಣ್ಣಾ, ಬೆಟ್ಟಕ್ಕೆ ಅಂಗಿ ಹೊಲಿಸ್ತೀಯಾ?" ಅಂದಳು ನರ್ಸಮ್ಮ, ಟೇಪು ನೋಡಿ.

"ದಾರಿ ಅಳೀತಿದೀನಿ. ನೆತ್ತಿವರೆಗೆ, ಕೆರೆಗೆ ಹೋಗಿ ಬಂದಷ್ಟೇ ದೂರ. ಕೆರೆಗೆ ಮಗಳು ಹರಟೆ ಹೊಡೀತಾ ಹೋಗಿ ಬಂದಿದಾಳೆ."

"ಕೆರೆ ದಾರಿ ಮಲಗಿದೆ, ಇದು ಎದ್ದು ನಿಂತಿದೆ. ನಿನ್ನ ಟೇಪಿಗೆ ಎರಡೂ ಒಂದೇ." ನರ್ಸಮ್ಮ ನಕ್ಷೆಯ ಮೇಲೆ ಬೆರಳಿಟ್ಟಳು. "ಎತ್ತರ ತೋರಿಸೋ ಈ ಗೆರೆಗಳನ್ನ ನೋಡು. ದೂರ ದೂರ ಇದ್ರೆ ದಾರಿ ಮೆತ್ತಗೆ ಏರುತ್ತೆ. ಒತ್ತಾಗಿದ್ರೆ ಕಡಿದಾದ ಏರು. ನೆತ್ತಿ ಹತ್ರ ಕೂದಲೆಳೆ ಹಿಡಿಯೋಷ್ಟೂ ಜಾಗ ಇಲ್ಲ. ಎಷ್ಟು ದೂರ ಅಂತ ಕೇಳ್ಬೇಡ, ಒಟ್ಟು ಎಷ್ಟು ಎತ್ತರ ಹತ್ಬೇಕು ಅಂತ ಕೇಳು. ಅದೂ ನಿನ್ನ ಕಾಲಿನ ಲೆಕ್ಕ ಅಲ್ಲ, ಮಗಳ ಕಾಲಿನ ಲೆಕ್ಕ."

"ಅವಳನ್ನೇನು ಬಿಟ್ಟು ಹೋಗ್ತೀವಾ? ಅಲ್ಲಲ್ಲಿ ನಿಂತು ಕಾಯ್ತೀವಿ. ನಮ್ಮ ಗುಂಪಿನ ಪದ್ಧತಿನೇ ಅದು."

"ಕಾದು?"

"ಕಾದು ಏನು? ಅವಳು ಬಂದ ತಕ್ಷಣ ಹೊರಡ್ತೀವಿ. ಎಲ್ಲರೂ ಸೇರಿದ ಮೇಲೆ ಇನ್ಯಾಕೆ ನಿಲ್ಲೋದು?"

ನರ್ಸಮ್ಮ ಹಿಟ್ಟಿನ ಡಬ್ಬದ ಮೇಲೆ ಕೂತಳು. "ಸ್ವಲ್ಪ ಯೋಚನೆ ಮಾಡಣ್ಣ. ಮುಂದೆ ಹೋದವರು ಕೂತಿರ್ತೀರಿ. ನೀರು ಕುಡಿದು, ತಿಂದು, ಬೆವರು ಆರಿಸ್ಕೊಂಡಿರ್ತೀರಿ. ಅವಳು ಏದುಸಿರು ಬಿಡ್ತಾ ಬರ್ತಾಳೆ. ನೀವು ಎದ್ದು ಪೆಡಲ್ ಮೇಲೆ ಕಾಲಿಡ್ತೀರಿ. ಸುಸ್ತಾಗದೆ ಇರೋರಿಗೆಲ್ಲ ವಿಶ್ರಾಂತಿ ಆಯ್ತು. ಸುಸ್ತಾದವಳಿಗೆ?"

ಬೇಕರಿಯಣ್ಣ ಟೇಪನ್ನು ಬೆರಳಿಗೆ ಸುತ್ತತೊಡಗಿದ. ಆ ಪದ್ಧತಿಯ ಬಗ್ಗೆ ಗುಂಪಿಗೆ ಹೆಮ್ಮೆಯೋ ಹೆಮ್ಮೆ. ನಾವು ಯಾರನ್ನೂ ಬಿಟ್ಟು ಹೋಗುವವರಲ್ಲ ಎಂದು ಕಂಡಕಂಡವರಿಗೆ ಹೇಳಿಕೊಳ್ಳುತ್ತಿದ್ದರು. ಯಾವಾಗಲೂ ಕೊನೆಗೆ ಬರುತ್ತಿದ್ದವನು ದರ್ಜಿಯೇ. ಅವನಿಗೆ ಬಾಲಂಗೋಚಿ ಎಂದು ಹೆಸರಿಟ್ಟಿದ್ದರು. ಅವನೂ ನಗುತ್ತಿದ್ದ, ಪಾಪ. ಗುಂಪಿಗೆಲ್ಲ ಸವಾರಿಯ ಅಂಗಿ ಹೊಲಿದು, ತಿಂಡಿ ಇಟ್ಟುಕೊಳ್ಳಲು ಬೆನ್ನಿಗೆ ಜೇಬು ಮಾಡಿಕೊಟ್ಟವನೂ ಅವನೇ.

"ತಮ್ಮಂದು ಬೇರೆ ವಿಷಯ," ಅಂದ ಬೇಕರಿಯಣ್ಣ, ಯಾರೂ ಕೇಳದೆಯೇ. "ಅವನಿಗೆ ಬ್ರೇಕು ಹಿಡೀಲಿಲ್ಲ. ಹಣೆಬರಹ."

"ಹಿಡಿಯುತ್ತೆ ಅಪ್ಪಾ." ಮಗಳು ಬಾಗಿಲಲ್ಲಿ ನಿಂತಿದ್ದಳು. "ಚಿಕ್ಕಪ್ಪನ ಸೈಕಲ್ಲು ಹಿತ್ತಲಲ್ಲೇ ಇದೆಯಲ್ಲ. ಮುಂದಿನ ಚಕ್ರ ಸೊಟ್ಟ ಆಗಿದೆ ಅಷ್ಟೇ. ಬ್ರೇಕು ನಾನು ಹಿಡಿದು ನೋಡಿದೆ. ಚೆನ್ನಾಗಿದೆ."

"ಹಾಗಾದ್ರೆ ಯಾಕೆ ಬಿದ್ದ?" ಅವನು ಗದರಿದ.

ನರ್ಸಮ್ಮ ದನಿ ಏರಿಸಲಿಲ್ಲ. "ಬ್ರೇಕು ಒತ್ತೋಕೆ ಬೆರಳಲ್ಲಿ ಶಕ್ತಿ ಇರಲಿಲ್ಲ ಅಣ್ಣಾ. ಬೆವರಲ್ಲಿ ನೆಂದ ಅಂಗಿ. ನೆತ್ತಿ ಮೇಲೆ ಕೊರೆಯೋ ಗಾಳಿ. ಇಳಿಯುವಾಗ ಆ ಗಾಳಿ ಇನ್ನೂ ಜಾಸ್ತಿ. ಒಣಗಿದ ಕೋಟು ಇಲ್ಲ, ಹೊಟ್ಟೇಲಿ ಏನೂ ಇಲ್ಲ. ಬೆರಳು ಮರಗಟ್ಟಿರುತ್ತೆ."

"ಹೊಟ್ಟೇಲಿ ಏನೂ ಇಲ್ಲ ಅಂತ ನಿನಗೆ ಯಾರು ಹೇಳಿದ್ದು? ಬೆಳಿಗ್ಗೆ ನಾನೇ ಬನ್ನು ಮಾಡಿ ಎಲ್ಲರ ಜೇಬಿಗೂ ಹಾಕಿದ್ದೆ!"

ನರ್ಸಮ್ಮ ಅವನ ಹೆಂಡತಿಯ ಮುಖ ನೋಡಿದಳು. ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಹೇಳಿ ಎಂಬಂತೆ ತಲೆಯಾಡಿಸಿದಳು.

"ಅವತ್ತು ಆಸ್ಪತ್ರೇಲಿ ಅವನ ಅಂಗಿ ಬಿಚ್ಚಿದವಳು ನಾನು," ಅಂದಳು ನರ್ಸಮ್ಮ. "ನಿನ್ನ ಬನ್ನು ಬೆನ್ನಿನ ಜೇಬಲ್ಲಿ ಹಾಗೇ ಇತ್ತು. ಸುತ್ತಿದ ಕಾಗದಾನೂ ಬಿಚ್ಚಿರಲಿಲ್ಲ. ಇಷ್ಟು ದಿನ ಹೇಳೋಕೆ ಬಾಯಿ ಬರಲಿಲ್ಲ. ಈಗ ಇವಳನ್ನ ಅದೇ ದಾರೀಲಿ ಕರ್ಕೊಂಡು ಹೋಗ್ತೀನಿ ಅಂತೀಯಲ್ಲ, ಅದಕ್ಕೆ ಹೇಳ್ತಿದೀನಿ."

ಬೇಕರಿಯಣ್ಣ ನಕ್ಷೆಯಲ್ಲಿ ಘಾಟಿಯ ನೆತ್ತಿಯ ಮೇಲೆ ಬೆರಳಿಟ್ಟ. ಆಮೇಲೆ ಮಾತಾಡಿದ. ಹೆಂಡತಿಗಲ್ಲ, ನರ್ಸಮ್ಮನಿಗೂ ಅಲ್ಲ, ಮೇಜಿಗೆ ಹೇಳಿಕೊಂಡ ಹಾಗಿತ್ತು.

"ನೆತ್ತಿ ಮೇಲೆ ಬಂದು ಸೈಕಲ್ ಒರಗಿಸಿದ. 'ಒಂದು ನಿಮಿಷ ಅಣ್ಣಾ, ಏನಾದ್ರೂ ತಿಂತೀನಿ' ಅಂದ. ನಾವು ಕಾದು ಕಾದು ಚಳಿ ಹಿಡಿದಿತ್ತು. 'ಇಳಿಜಾರಲ್ಲಿ ಏನು ಕಷ್ಟ, ಕೆಳಗೆ ಹೋಗಿ ತಿನ್ನುವೆಯಂತೆ ಬಾರೋ' ಅಂದೆ. ಎಲ್ಲರಿಗಿಂತ ಮುಂದೆ ನಾನೇ ಇಳಿದೆ. ಕೆಳಗೆ ಕೂತು ನಗ್ತಿದ್ವಿ. ಬಾಲಂಗೋಚಿ ಬರ್ತಾನೆ ಬಿಡು, ಅವನು ಯಾವತ್ತು ಬೇಗ ಬಂದಿದಾನೆ ಅಂತ ನಗ್ತಿದ್ವಿ. ಲಾರಿಯವನು ಬಂದು ಹೇಳೋವರೆಗೂ ಯಾರೂ ಹಿಂದೆ ಹೋಗಿ ನೋಡಲಿಲ್ಲ."

ಒಲೆ ಆರುತ್ತ ಟಿಕ್ ಟಿಕ್ ಎನ್ನುತ್ತಿತ್ತು.

"ನೀನು ಹೇಳೋದು ನಿಜ ಆದ್ರೆ," ಅಂದ ಅವನು, "ನನ್ನ ತಮ್ಮನ್ನ ಕೊಂದಿದ್ದು ನಾನೇ ಅಂತಾಯ್ತಲ್ಲ."

ಇಲ್ಲ ಎಂದು ಯಾರಾದರೂ ಹೇಳಲಿ ಎಂದು ಅವನು ಒಬ್ಬೊಬ್ಬರ ಮುಖವನ್ನೂ ನೋಡಿದ. ಇಷ್ಟು ದಿನ ಯಾರ ಬುದ್ಧಿಮಾತೂ ಅವನ ತಲೆಗೆ ಹೋಗದಿದ್ದುದಕ್ಕೆ ಕಾರಣ ಈಗ ಎಲ್ಲರಿಗೂ ತಿಳಿಯಿತು. ಆ ಮಾತು ಒಪ್ಪಿಕೊಂಡರೆ ಇದನ್ನೂ ಒಪ್ಪಬೇಕಿತ್ತು. ಹೆಂಡತಿ ಬಿಕ್ಕಿದಳು. ಮಗಳು ಹತ್ತಿರ ಬರಲು ಹೋಗಿ ಅಲ್ಲೇ ನಿಂತಳು.

"ಕೊಂದೆ ಅಂತ ನಾನು ಹೇಳಲ್ಲ," ಅಂದಳು ನರ್ಸಮ್ಮ. "ಅವತ್ತು ನಿನಗೆ ಗೊತ್ತಿರಲಿಲ್ಲ. ಇವತ್ತು ಗೊತ್ತಾಗಿದೆ. ಭಾನುವಾರ ಹೀಗೇ ಹೊರಟ್ರೆ, ಗೊತ್ತಿದ್ದೂ ಹೊರಟ ಹಾಗೆ."

ಭಾನುವಾರ ಯಾರೂ ಹೊರಡಲಿಲ್ಲ. ಬೇಕರಿಯಣ್ಣ ಟೇಪನ್ನು ಹೊಲಿಗೆ ಯಂತ್ರದ ಮೇಲಿಟ್ಟು, ನಕ್ಷೆಯನ್ನು ಮಗಳ ಕೈಗೆ ಕೊಟ್ಟ. ಅವಳೂ ನರ್ಸಮ್ಮನೂ ಕೂತು ಬೇರೆ ಸವಾರಿ ಯೋಜಿಸಿದರು. ಮೊದಲು ಘಾಟಿ ಬೇಡ, ಚಿಕ್ಕ ಗುಡ್ಡ ಸಾಕು. ಎಲ್ಲರಿಗಿಂತ ನಿಧಾನದವರು ಮುಂದೆ, ಗಟ್ಟಿ ಕಾಲಿನವನು ಎಲ್ಲರ ಹಿಂದೆ. ನಿಲ್ಲುವ ಕಡೆ ಕೊನೆಯವರು ಬಂದು ಕೂತ ಮೇಲೆಯೇ ವಿಶ್ರಾಂತಿಯ ಲೆಕ್ಕ ಶುರು. ಅವರು ತಿಂದು, ಒಣಗಿದ ಕೋಟು ಹಾಕಿಕೊಂಡು, ಹೋಗೋಣ ಅನ್ನುವವರೆಗೆ ಯಾರೂ ಏಳುವಂತಿಲ್ಲ. ಮಧ್ಯಾಹ್ನದೊಳಗೆ ನೆತ್ತಿ ಸಿಗದಿದ್ದರೆ ಅಲ್ಲಿಂದಲೇ ವಾಪಸ್. ಯಾವ ದಾರಿ, ಯಾವಾಗ ಬರುತ್ತೇವೆ ಎಂಬುದು ಮನೆಯಲ್ಲಿರುವವರಿಗೆ ಗೊತ್ತಿರಬೇಕು.

"ಹೀಗೆ ಕೂತು ಕೂತು ಹೋದ್ರೆ ಘಾಟಿಯ ಎರಡು ದಿನದ ದಾರಿ ಮೂರು ದಿನ ಆಗುತ್ತೆ," ಎಂದು ಕ್ಷೌರಿಕ ಗೊಣಗಿದ.

"ಆಗ್ಲಿ," ಅಂದ ಬೇಕರಿಯಣ್ಣ.

ಹೊರಟ ದಿನ ಆ ಚಿಕ್ಕ ಗುಡ್ಡದ ನೆತ್ತಿಯನ್ನೂ ಅವರು ಮುಟ್ಟಲಿಲ್ಲ. ಮೋಡ ಕವಿಯಿತು, ಮಗಳಿಗೆ ಕಾಲು ಹಿಡಿದುಕೊಂಡಿತು, ಅರ್ಧ ದಾರಿಯಲ್ಲೇ ತಿರುಗಿದರು. ಯಾರೂ ಹಾಸ್ಯ ಮಾಡಲಿಲ್ಲ. ಎಲ್ಲರೂ ಕ್ಷೇಮವಾಗಿ ಮನೆ ಸೇರಿದರು. ಇದನ್ನು ಕೇಳಿ ಬೇಕರಿಯಣ್ಣ ಈಗ ಸುಖವಾಗಿದ್ದಾನೆ ಅಂದುಕೊಳ್ಳಬೇಡಿ. ಅವನ ಸುಖ ಆ ತಿರುವಿನಲ್ಲೇ ಹೋಯಿತು. ಬುದ್ಧಿ ಬಂದಿದೆ, ನಿಜ. ಆದರೆ ಬರಬೇಕಾದ ಹೊತ್ತಿಗೆ ಬರಲಿಲ್ಲ.

ಈಗ ಅವನು ಎಲ್ಲರ ಕೊನೆಗೆ ಸೈಕಲ್ ಹೊಡೆಯುತ್ತಾನೆ. ಪ್ರತಿ ತಿರುವಿನಲ್ಲೂ ಕತ್ತು ಹೊರಳಿಸಿ ಹಿಂದೆ ನೋಡುತ್ತಾನೆ.

"ಅಪ್ಪಾ, ನೀನೇ ಕೊನೆ. ಹಿಂದೆ ಯಾರೂ ಇಲ್ಲ," ಅಂದಳು ಮಗಳು ಒಮ್ಮೆ.

"ಗೊತ್ತು ಮಗಳೇ," ಅಂದ. ಮುಂದಿನ ತಿರುವಿನಲ್ಲಿ ಮತ್ತೆ ನೋಡಿದ.

ಬೆಟ್ಟದ ಸವಾರಿಗೆ ಹೊರಟಿರುವ ಅಣ್ಣಂದಿರೇ, ಅಕ್ಕಂದಿರೇ, ಹೋಗಬೇಡಿ ಎಂದು ನಾವು ಹೇಳುತ್ತಿಲ್ಲ. ದಾರಿ ಎಷ್ಟು ಏರುತ್ತದೆ ಎಂದು ಮೊದಲು ನೋಡಿ. ನಿಮ್ಮಲ್ಲಿ ಎಲ್ಲರಿಗಿಂತ ನಿಧಾನದವರು ಯಾರು ಎಂದು ತಿಳಿದುಕೊಂಡು, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಯೋಜನೆ ಹಾಕಿ. ಅರ್ಧ ದಾರಿಯಿಂದ ತಿರುಗಿ ಬಂದರೆ ಮರ್ಯಾದೆ ಹೋಗುವುದಿಲ್ಲ. ಯಾರಾದರೂ ಏದುಸಿರು ಬಿಡುತ್ತ ಬಂದು "ಒಂದು ನಿಮಿಷ" ಅಂದರೆ, ಎದ್ದವರು ಮತ್ತೆ ಕೂತುಕೊಳ್ಳಿ. ಅವರು ಜೇಬಿನಿಂದ ತೆಗೆದು ತಿನ್ನುವುದನ್ನು ಕಣ್ಣಾರೆ ನೋಡಿ. ಆಮೇಲೆ ಹೊರಡಿ. ಹಿಂದೆ ಬರುವವರು ಇನ್ನೂ ಹಿಂದೆ ಇರುವಾಗಲೇ, ದಯವಿಟ್ಟು, ತಿರುಗಿ ನೋಡಿ.