ರೇಡಿಯೋಳ ಪಾಳಿ

ಇಸ್ತ್ರಿ ಅಂಗಡಿಯವಳು ಮಗಳ ಶಾಲೆಯ ಲಂಗವನ್ನು ಹೊಲಿಗೆ ಮೇಜಿನ ಮೇಲಿಟ್ಟು, "ಅಂಚು ಬಿಚ್ಚಿ ಸ್ವಲ್ಪ ಉದ್ದ ಮಾಡಿಕೊಡಿ ಟೀಚರಮ್ಮ. ಹುಡುಗಿ ಬೆಳೀತಿದಾಳೆ, ಲಂಗ ಬೆಳೀತಿಲ್ಲ" ಎಂದಳು.

ಟೀಚರಮ್ಮ ನಕ್ಕರು. ಹೊಲಿಗೆ ಅವರ ಹೊಟ್ಟೆಪಾಡು. ಬೀದಿಗೆಲ್ಲ ಅವರು ಟೀಚರಮ್ಮ ಆದದ್ದು ಭಾನುವಾರದ ಕೆಲಸದಿಂದ. ಕ್ರೈಸ್ತ ಮಿಷನ್ನಿನವರು ಬೀದಿಯ ಕೊನೆಯಲ್ಲಿ ಬಾಡಿಗೆಗೆ ಹಿಡಿದಿದ್ದ ಕೋಣೆಯಲ್ಲಿ ಆಸುಪಾಸಿನ ಮಕ್ಕಳನ್ನು ಕೂರಿಸಿಕೊಂಡು ಯೇಸುವಿನ ಕಥೆ ಹೇಳುವುದು, ಹಾಡು ಕಲಿಸುವುದು, ಮೂಗು ಒರೆಸುವುದು, ಜಗಳ ಬಿಡಿಸುವುದು ಎಲ್ಲ ಅವರದೇ ಆಗಿತ್ತು. ಗಂಡ ತೀರಿಕೊಂಡ ಮೇಲೆ ಅವರು ಆ ಕಡೆ ತಲೆಹಾಕಿರಲಿಲ್ಲ. ಕೇಳಿದವರಿಗೆ 'ಕೈ ತುಂಬ ಹೊಲಿಗೆ' ಎನ್ನುತ್ತಿದ್ದರು. ನಿಜ ಬೇರೆಯೇ ಇತ್ತು. ಗಂಡನ ಆಪರೇಷನ್ನಿನ ದಿನ ಅಷ್ಟೂ ಮಕ್ಕಳಿಂದ ಪ್ರಾರ್ಥನೆ ಮಾಡಿಸಿ, ಬೇಡಿದ್ದು ಸಿಗದೆ ಹೋದ ಮೇಲೆ, ಆ ಮಕ್ಕಳ ಮುಂದೆ ಯಾವ ಮುಖ ಇಟ್ಟುಕೊಂಡು ನಿಲ್ಲುವುದು? ದೇವರ ಮೇಲೆ ಸಿಟ್ಟೂ ಇತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ, ದೇವರಿಗೊಬ್ಬನಿಗೆ ಬಿಟ್ಟು.

"ನಮ್ಮ ರೇಡಿಯೋ ಹೇಗಿದಾಳೆ?" ಎಂದು ಕೇಳಿದರು.

ಪ್ರಶ್ನೆ ಮುಗಿಯುವ ಮುಂಚೆ ಉತ್ತರ ಹೇಳಿ, ಉತ್ತರ ಮುಗಿದ ಮೇಲೂ ಬಾಯಿ ಮುಚ್ಚದ ಆ ಹುಡುಗಿಗೆ ರೇಡಿಯೋ ಎಂದು ಹೆಸರಿಟ್ಟವರು ಟೀಚರಮ್ಮನ ಗಂಡನೇ. ಅವಳ ತಾಯಿ ಈಗ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ರೇಡಿಯೋ ಬಂದ್ ಆಗಿದೆ ಟೀಚರಮ್ಮ. ಮೊನ್ನೆ ಇವಳ ತಮ್ಮನಿಗೆ ಜ್ವರ ಬಂತು. ರಾತ್ರಿಯೆಲ್ಲ ಮುಖಕ್ಕೆ ನೀರು ಹಾಕ್ಕೊಂಡು ಅವನ ಪಕ್ಕದಲ್ಲೇ ಕೂತಿದ್ಲು. ಮಲಗೇ ಅಂದ್ರೆ, ನಾನು ಮಲಗಿದ್ರೆ ಅವನು ಸತ್ತುಹೋಗ್ತಾನೆ ಅಂತಾಳೆ. ಜ್ವರ ಬಿಡ್ತು, ಇವಳು ಮಾತ್ರ ಇನ್ನೂ ಸರಿಯಾಗಿ ಮಲಗ್ತಿಲ್ಲ."

ಟೀಚರಮ್ಮನ ಕೈಯಲ್ಲಿದ್ದ ಕತ್ತರಿ ನಿಂತಿತು. "ಯಾಕಂತೆ?"

"ನಿಮಗೆ ಹೇಳಬಾರದು ಅಂತಿದ್ದೆ. ನಿಮ್ಮ ದುಃಖ ನಿಮಗೆ."

ಆದರೂ ಹೇಳಿದಳು. ಆಪರೇಷನ್ನಿನ ದಿನ ಮಕ್ಕಳದು ಸರಪಳಿ ಪ್ರಾರ್ಥನೆ. ಆಸ್ಪತ್ರೆಯಿಂದ ಸುದ್ದಿ ಬರುವವರೆಗೂ ಕೋಣೆಯಲ್ಲಿ ಒಬ್ಬರಾದ ಮೇಲೊಬ್ಬರು ಕೂತು ಬೇಡಬೇಕು, ಪ್ರಾರ್ಥನೆ ನಡುವೆ ನಿಲ್ಲಬಾರದು. ಆ ಏರ್ಪಾಡು ಮಾಡಿ ಹೋದವರು ಟೀಚರಮ್ಮನೇ. ಊಟವಾದ ಮೇಲಿನ ಪಾಳಿ ರೇಡಿಯೋಳದು. ಹೊಟ್ಟೆ ತುಂಬಿತ್ತು, ಕೋಣೆ ತಣ್ಣಗಿತ್ತು, ಮಗು ಬೆಂಚಿಗೆ ತಲೆಯಿಟ್ಟು ನಿದ್ದೆ ಹೋಯಿತು. ಮಿಷನ್ನಿನ ಮೇಲ್ವಿಚಾರಣೆ ನೋಡುವ ಡ್ರಿಲ್ ಮೇಷ್ಟ್ರು ಬಂದು ನೋಡಿ ಎಬ್ಬಿಸಿದರು. ಅದೇ ಹೊತ್ತಿಗೆ ಸಾವಿನ ಸುದ್ದಿಯೂ ಬಂತು. ಮುಂದಿನ ಭಾನುವಾರ ಮೇಷ್ಟ್ರು ಎಲ್ಲ ಮಕ್ಕಳ ಮುಂದೆ, 'ಸರಪಳಿಯ ಒಂದು ಕೊಂಡಿ ಕಳಚಿತು, ಅದಕ್ಕೇ ಹೀಗಾಯಿತು' ಎಂದುಬಿಟ್ಟರು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತು ನನ್ನ ಮಗಳ ಪಾಡು" ಎಂದಳು ಇಸ್ತ್ರಿ ಅಂಗಡಿಯವಳು.

ಟೀಚರಮ್ಮ ಕತ್ತರಿ ಕೆಳಗಿಟ್ಟರು. ಇಷ್ಟು ದಿನ ತಾನು ತನ್ನ ದುಃಖವನ್ನು ತಬ್ಬಿಕೊಂಡು ಕೂತಿದ್ದರೆ, ಅದರ ಭಾರವನ್ನು ಒಂದು ಮಗು ಹೊತ್ತು ತಿರುಗುತ್ತಿತ್ತು.

ಶನಿವಾರ ಸಂಜೆ ಅವರು ಮೇಷ್ಟ್ರ ಮನೆಗೆ ಹೋದರು. ಮೇಷ್ಟ್ರು ಶಾಲೆಯಿಂದ ನಿವೃತ್ತರಾಗಿದ್ದರೂ ಶಾಲೆ ಅವರಿಂದ ನಿವೃತ್ತಿಯಾಗಿರಲಿಲ್ಲ. ಮನೆಯ ಚಪ್ಪಲಿಗಳೂ ಬಾಗಿಲ ಬಳಿ ಸಾಲಾಗಿ, ಡ್ರಿಲ್ಲಿನಲ್ಲಿ 'ಸಾವಧಾನ್' ಅಂದಂತೆ ನೆಟ್ಟಗೆ ನಿಂತಿರುತ್ತಿದ್ದವು.

"ನಾನು ಯಾರ ಹೆಸರೂ ಹೇಳಲಿಲ್ಲಮ್ಮ" ಎಂದರು ಮೇಷ್ಟ್ರು.

"ಹೆಸರು ಹೇಳೋದೇನು ಬಂತು ಮೇಷ್ಟ್ರೇ? ನಿದ್ದೆ ಮಾಡಿದ್ದು ಯಾರು ಅಂತ ಎಲ್ಲ ಮಕ್ಕಳಿಗೂ ಗೊತ್ತು."

"ದೇವರ ಕೆಲಸ ಅಂದ್ರೆ ಮಕ್ಕಳಿಗೆ ಭಯ ಇರಬೇಕು. ಇವತ್ತು ಸಡಿಲ ಬಿಟ್ರೆ ನಾಳೆ ಯಾವುದಕ್ಕೂ ನಿಲ್ಲಲ್ಲ. ಆ ಬೀದಿಯಲ್ಲಿ ಕುಡಿತ, ಜೂಜು ಎಲ್ಲ ಇದೆ. ಶಿಸ್ತು ಇಲ್ಲದೆ ಇವರು ಉದ್ಧಾರ ಆಗ್ತಾರಾ?"

"ಶಿಸ್ತು ಬೇಡ ಅಂತ ನಾನು ಹೇಳಲಿಲ್ಲ."

ಮೇಷ್ಟ್ರ ದನಿ ಕುಗ್ಗಿತು. "ಅವನು ನನ್ನ ಗೆಳೆಯನಮ್ಮ. ನಾವಿಷ್ಟು ಜನ ಬೇಡಿದ್ವಿ. ಕೊಂಡಿ ಕಳಚದೇ ಇದ್ರೆ ಅವನು ಸತ್ತದ್ದು ಯಾಕೆ? ನೀವೇ ಹೇಳಿ."

ಟೀಚರಮ್ಮ, "ನಾಳೆ ತರಗತಿ ನಾನು ತಗೋತೀನಿ" ಎಂದಷ್ಟೇ ಹೇಳಿದರು.

"ಬನ್ನಿ, ಸಂತೋಷ. ಆದ್ರೆ ನಾನು ಹೇಳಿದ್ದು ತಪ್ಪು ಅಂತ ಮಕ್ಕಳ ಮುಂದೆ ಅನ್ನಬೇಡಿ. ಆಮೇಲೆ ನನ್ನ ಮಾತಿಗೆ ಬೆಲೆ ಉಳಿಯಲ್ಲ."

"ಆ ಮಗುವಿಗೆ ನಿದ್ದೆ ಉಳಿದಿಲ್ಲ ಮೇಷ್ಟ್ರೇ" ಎಂದು ಅವರು ಎದ್ದರು.

ಭಾನುವಾರ ಟೀಚರಮ್ಮ ಕೋಣೆಯೊಳಗೆ ಕಾಲಿಟ್ಟಾಗ ಮಕ್ಕಳು ಎದ್ದು ನಿಂತು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ರೇಡಿಯೋಳನ್ನು ತಾಯಿ ಕೈಹಿಡಿದು ಎಳೆದುಕೊಂಡೇ ಬಂದಿದ್ದಳು. ಹುಡುಗಿ ಗೋಡೆಗೆ ಅಂಟಿ ಕೂತಳು. ಕಣ್ಣ ಕೆಳಗೆ ಕಪ್ಪಾಗಿತ್ತು. ಪ್ರಾರ್ಥನೆಗೆ ಎಲ್ಲರೂ ಕಣ್ಣು ಮುಚ್ಚಿದರೆ ಅವಳು ಮಾತ್ರ ಕಣ್ಣು ಬಿಟ್ಟುಕೊಂಡೇ ಇದ್ದಳು. ಟೀಚರಮ್ಮನಿಗೆ ಅದು ತಿಳಿದದ್ದು ಹೇಗೆಂದರೆ, ಅವರೂ ಮುಚ್ಚಿರಲಿಲ್ಲ.

ಅವರು ಆ ದಿನ, ಯೇಸುವನ್ನು ಶಿಲುಬೆಗೇರಿಸುವ ಹಿಂದಿನ ರಾತ್ರಿಯ ತೋಟದ ಕಥೆ ಹೇಳಿದರು. ಯೇಸುವಿಗೆ ಜೀವ ಹೋಗುವಷ್ಟು ಸಂಕಟ. ನನ್ನ ಜೊತೆ ಎಚ್ಚರವಾಗಿರಿ ಎಂದು ಶಿಷ್ಯರನ್ನು ಕೇಳಿಕೊಂಡ. ಬಂದು ನೋಡಿದರೆ ಎಲ್ಲರೂ ನಿದ್ದೆ. ಎಬ್ಬಿಸಿ ಹೋದ, ಮತ್ತೆ ನಿದ್ದೆ.

"ಆಮೇಲೆ ಅವರನ್ನ ಓಡಿಸಿಬಿಟ್ಟನಾ?" ಮುಂದಿನ ಸಾಲಿನ ಹುಡುಗನೊಬ್ಬ ಕೇಳಿದ.

"ಇಲ್ಲ ಕಣೋ. ಅವರನ್ನೇ ಏಳಿಸಿ ಜೊತೆಗೆ ಕರ್ಕೊಂಡು ಹೊರಟ."

ಬಾಗಿಲಲ್ಲಿ ಮೇಷ್ಟ್ರು ಬಂದು ನಿಂತಿದ್ದರು. ಟೀಚರಮ್ಮ ಅವರನ್ನು ನೋಡಿದರು, ನೋಡಿಯೂ ಮಾತು ನಿಲ್ಲಿಸಲಿಲ್ಲ.

"ಯಾರಿಗೂ ಹೇಳದೇ ಇರೋದೊಂದು ಇದೆ. ಅಂಕಲ್ ತೀರಿಕೊಂಡಾಗ ನಾನು ಆಸ್ಪತ್ರೆ ಬೆಂಚಿನ ಮೇಲೆ ಕೂತಲ್ಲೇ ನಿದ್ದೆ ಮಾಡ್ತಿದ್ದೆ. ಡಾಕ್ಟರೇ ಬಂದು ಎಬ್ಬಿಸಿದ್ರು."

ಗೋಡೆಯ ಕಡೆಯಿಂದ ಸಣ್ಣ ದನಿ ಬಂತು. "ನೀವೂನಾ?"

"ಹೂಂ. ಗೊರಕೆ ಬೇರೆ ಹೊಡೀತಿದ್ನಂತೆ."

ಮಕ್ಕಳು ಗೊಳ್ಳೆಂದು ನಕ್ಕರು. ರೇಡಿಯೋ ನಗಲಿಲ್ಲ. "ಹಾಗಾದ್ರೆ ಅಂಕಲ್ ಸತ್ತದ್ದು ಯಾರಿಂದ?"

"ಯಾರಿಂದಲೂ ಅಲ್ಲ ಪುಟ್ಟಿ. ಅವರ ಹೃದಯ ತುಂಬಾ ಕೆಟ್ಟುಹೋಗಿತ್ತು. ಡಾಕ್ಟರು ಮೊದಲೇ ಹೇಳಿದ್ರು, ನಾನೇ ಕಿವಿಗೆ ಹಾಕ್ಕೊಂಡಿರಲಿಲ್ಲ."

"ದೇವರು ಸರಿ ಮಾಡಬಹುದಿತ್ತಲ್ಲ?"

"ಮಾಡಬಹುದಿತ್ತು. ಯಾಕೆ ಮಾಡಲಿಲ್ಲ ಅಂತ ನನಗೂ ಗೊತ್ತಿಲ್ಲ. ದಿನಾ ಜಗಳ ಆಡ್ತೀನಿ ಅವನ ಹತ್ರ. ಆದ್ರೆ ಒಂದು ಗೊತ್ತು. ಮಗು ತೂಕಡಿಸ್ತು ಅಂತ ಒಬ್ಬರ ಪ್ರಾಣ ತೆಗೆಯೋ ದೇವರಾಗಿದ್ರೆ, ನಾನು ಈ ಕೋಣೆಗೆ ವಾಪಸ್ ಬರ್ತಾನೇ ಇರಲಿಲ್ಲ."

ರೇಡಿಯೋ ಎದ್ದು ಬಂದು ಟೀಚರಮ್ಮನ ಪಕ್ಕ ಕೂತಳು. ತಮ್ಮನ ಜ್ವರದ ವಿಷಯ ಹೇಳಿದಳು. ಆಮೇಲೆ ತೋಟದಲ್ಲಿ ಸೊಳ್ಳೆ ಇರಲಿಲ್ಲವಾ, ಶಿಷ್ಯರಿಗೆ ನಿದ್ದೆ ಹೇಗೆ ಬಂತು ಎಂದು ಕೇಳಿದಳು. ಉತ್ತರ ಸಿಗುವ ಮುಂಚೆಯೇ ಸೊಳ್ಳೆ ಇದ್ದರೂ ತನಗೆ ನಿದ್ದೆ ಬರುತ್ತದೆ ಎಂದೂ ತಿಳಿಸಿದಳು. ಮಕ್ಕಳು ಮತ್ತೆ ನಕ್ಕರು. ಕೊನೆಯ ಹಾಡು ಶುರುವಾಗುವ ಹೊತ್ತಿಗೆ ಅವಳ ಮಾತು ತೊದಲತೊಡಗಿತು. ಎರಡನೆಯ ಚರಣಕ್ಕೆ ಅವಳ ತಲೆ ಟೀಚರಮ್ಮನ ಮಡಿಲಲ್ಲಿತ್ತು.

ಪ್ರಾರ್ಥನೆಯನ್ನು ಟೀಚರಮ್ಮ ಪಿಸುದನಿಯಲ್ಲಿ ಹೇಳಿದರು. ಮಕ್ಕಳ ಆಮೆನ್ ಕೂಡ ಅಷ್ಟೇ ಮೆಲ್ಲಗೆ ಬಂತು. ಆಮೆನ್ ಆದೊಡನೆ ಕೈಗಂಟೆ ಬಾರಿಸಿ ಮಕ್ಕಳನ್ನು ಸಾಲಾಗಿ ಹೊರಗೆ ಕಳಿಸುವುದು ಮೇಷ್ಟ್ರ ಕೆಲಸ. ಅದನ್ನು ಅವರು ಒಂದು ವಾರವೂ ತಪ್ಪಿಸಿದವರಲ್ಲ. ಗಂಟೆ ಎತ್ತಿಯೂ ಎತ್ತಿದರು. ಮಡಿಲಲ್ಲಿ ಬಾಯಿ ತೆರೆದು ಮಲಗಿದ್ದ ಹುಡುಗಿಯನ್ನು ನೋಡಿ, ಗಂಟೆಯ ನಾಲಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು. ಇನ್ನೊಂದು ಕೈಯಲ್ಲಿ ಸನ್ನೆ ಮಾಡಿ ಮಕ್ಕಳನ್ನು ಕಳಿಸಿದರು. ಸಾಲು ಅಂಕುಡೊಂಕಾಗಿತ್ತು. ಅದನ್ನು ಅವರು ತಿದ್ದಲಿಲ್ಲ.

ಕೋಣೆ ಖಾಲಿಯಾದ ಮೇಲೆ ಟೀಚರಮ್ಮ ಹುಡುಗಿಯ ಭುಜ ಮುಟ್ಟಲು ಕೈ ಚಾಚಿದರು.

"ಎಬ್ಬಿಸಬೇಡಿ" ಎಂದರು ಮೇಷ್ಟ್ರು. ಮೊಣಕಾಲು ಹಿಡಿದುಕೊಂಡು ನಿಧಾನವಾಗಿ ಚಾಪೆಯ ಮೇಲೆ ಕೂತರು. "ಅವಳು ತಾನಾಗೇ ಏಳಲಿ. ನಾನು ಅವಳ ಹತ್ರ ಒಂದು ಮಾತು ಹೇಳಬೇಕು. ಕಾಯ್ತೀನಿ."