ಒಂದೇ ಖಾತೆಯ ಓರಗಿತ್ತಿಯರು

ಮಹಡಿ ಮೇಲಿನ ವಾರ್ಡಿನಲ್ಲಿ ಒಬ್ಬ ರೋಗಿ ಹಾಸಿಗೆಯಿಂದ ನೆಲದವರೆಗೂ ವಾಂತಿ ಮಾಡಿಕೊಂಡಿದ್ದ. ದೊಡ್ಡವಳು ಬ್ರೆಡ್ಡಿನ ಖಾಲಿ ಚೀಲವೊಂದನ್ನು ಕೈಗೆ ತೊಟ್ಟು, ಮಣಿಕಟ್ಟಿಗೆ ದಾರ ಬಿಗಿದುಕೊಂಡು ಅದನ್ನೆಲ್ಲ ಬಳಿದಳು. ಆಸ್ಪತ್ರೆಯಲ್ಲಿ ಗ್ಲೌಸು ಇರಲಿಲ್ಲವೆಂದಲ್ಲ. ಮೇಲಿನವರು ತಪಾಸಣೆಗೆ ಬರುವ ದಿನ ಇರುತ್ತಿತ್ತು. ಅವರ ಕಾರು ಗೇಟು ದಾಟಿದ್ದೇ ತಡ, ಮತ್ತೆ ಬೀರು ಸೇರುತ್ತಿತ್ತು. ಫಿನಾಯಿಲ್ ನೀರಿಗೆ ಅವಳ ಬೆರಳ ಸಂದಿಗಳು ಸುಲಿದುಹೋಗಿದ್ದವು. ಆ ಬೆರಳಿನಿಂದ ಫೋನು ಒತ್ತಿದರೆ ಒಮ್ಮೊಮ್ಮೆ ಫೋನಿಗೇ ಗೊತ್ತಾಗುತ್ತಿರಲಿಲ್ಲ.

ಅವಳ ಮೈದುನನ ಹೆಂಡತಿಯೂ ಅದೇ ಆಸ್ಪತ್ರೆಯಲ್ಲಿ ಗುಡಿಸುವವಳು. ಮನೆಯಲ್ಲಿ ಒಬ್ಬಳು ದೊಡ್ಡವಳು, ಒಬ್ಬಳು ಚಿಕ್ಕವಳು. ಕೆಲಸದಲ್ಲೂ ಅದೇ ಹೆಸರು ನಿಂತಿತ್ತು. ಎರಡು ಜಡೆ ಒಂದೆಡೆ ಸೇರಲ್ಲ ಅಂತಾರೆ. ಇವರದು ಸೇರಿತ್ತು, ಸೇರದೆ ಗತಿಯಿರಲಿಲ್ಲ. ಬೆಳಗಿನ ಪಾಳಿ ದೊಡ್ಡವಳದು, ಮಧ್ಯಾಹ್ನದ್ದು ಚಿಕ್ಕವಳದು. ಮನೆಗೆಲ್ಲ ಇದ್ದದ್ದು ಒಂದೇ ಫೋನು. ಪಾಳಿ ಬದಲಾಗುವಾಗ ಗೇಟಿನಲ್ಲಿ ನಿಂತು ಮನೆಯ ಬೀಗದ ಕೈಯನ್ನೂ ಫೋನನ್ನೂ ದೊಡ್ಡವಳು ಚಿಕ್ಕವಳಿಂದ ಇಸಿದುಕೊಳ್ಳುವಳು. ಮನೆಯಲ್ಲಿರುವವರ ಹತ್ತಿರ ಫೋನು, ಅದು ಅವರ ಕಟ್ಟಳೆ.

ಇಂಥವರಿಗೆ ಒಂದು ಕೋರ್ಸು ಗಂಟುಬಿತ್ತು. ಪಾಠವೂ ಫೋನಿನಲ್ಲೇ, ಪರೀಕ್ಷೆಯೂ ಫೋನಿನಲ್ಲೇ. ಪಾಸಾದವರಿಗೆ ಮಾತ್ರ ಮುಂದೆ ಕೆಲಸ ಎಂದು ಗುತ್ತಿಗೆದಾರ ಹೇಳಿಕಳಿಸಿದ. ಎಲ್ಲರ ಖಾತೆ ತೆರೆದುಕೊಟ್ಟವನು ಸೂಪರ್‌ವೈಸರು. ಹೆಸರು ಹಿಡಿದು ಕರೆಯುವಷ್ಟು ಪುರುಸೊತ್ತಿಲ್ಲದೆ ಸೀಟಿ ಊದಿ ಕರೆಯುತ್ತಿದ್ದುದರಿಂದ ಹೆಂಗಸರು ಅವನಿಗೆ ಸೀಟಿ ಎಂದೇ ಹೆಸರಿಟ್ಟಿದ್ದರು. ಇಬ್ಬರಿಗೂ ಒಂದೇ ನಂಬರು ಹಾಕಿದ. ಹುಟ್ಟಿದ ದಿನ ಕೇಳುವ ಗೋಜಿಗೂ ಹೋಗದೆ ಎಲ್ಲರನ್ನೂ ವರ್ಷದ ಮೊದಲನೇ ತಾರೀಕೇ ಹುಟ್ಟಿಸಿಬಿಟ್ಟ. ಓದಕ್ಕೆ ಬರದವರಿಗೆ ಒಂದು ಉಪಾಯವನ್ನೂ ಹೇಳಿಕೊಟ್ಟ: "ಏನೇ ಬಂದ್ರೂ ಹಸಿರು ಬಟನ್ ಒತ್ತಿ. ಕೆಂಪು ಮುಟ್ಟಿದ್ರೆ ಎಲ್ಲಾ ಹೋಯ್ತು ಅಂತ ತಿಳ್ಕೊಳ್ಳಿ."

ಮೊದಲನೇ ಪಾಠವೇ ಗ್ಲೌಸು ಹಾಕದೆ ಕಸ ಮುಟ್ಟಬಾರದು ಎಂಬುದು. ಚಿಕ್ಕವಳು ಅದನ್ನು ಗಟ್ಟಿಯಾಗಿ ಓದಿದಾಗ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಚಿಕ್ಕವಳಿಗೆ ಓದು ಬರುತ್ತಿತ್ತು. ಒಲೆಯ ಮುಂದೆ ಕೂತು ತನ್ನ ಪಾಠ ಮುಗಿಸಿಕೊಂಡು ಆಮೇಲೆ ಅಕ್ಕನ ಪಾಠವನ್ನೂ ಓದಿ ಹೇಳುವಳು. ಬಾಯಲ್ಲಿ ಕೇಳಿದರೆ ದೊಡ್ಡವಳು ಎಲ್ಲಕ್ಕೂ ಸರಿಯಾಗಿ ಉತ್ತರ ಹೇಳುವಳು. ಆದರೆ ಪರೀಕ್ಷೆಯಲ್ಲಿ ಅಕ್ಷರಗಳು ಓಡುತ್ತಿದ್ದವು. ಚಿಕ್ಕವಳು ಪಾಸಾದಳು, ದೊಡ್ಡವಳು ಫೇಲಾದಳು. ಇನ್ನೊಂದು ಸಲ ಪರೀಕ್ಷೆಗೆ ಕೂರೋಣ ಅಕ್ಕ, ನಾನಿಲ್ವಾ ಎಂದು ಚಿಕ್ಕವಳು ಸಮಾಧಾನ ಮಾಡಿದಳು.

ಒಂದು ಮಧ್ಯಾಹ್ನ ದೊಡ್ಡವಳು ಮನೆಯಲ್ಲಿದ್ದಾಗ ಫೋನು ಟಿಣ್ ಎಂದಿತು. ಉದ್ದನೆಯ ಬರಹ, ಕೆಳಗೆ ಒಂದು ಹಸಿರು, ಒಂದು ಕೆಂಪು. ಅಕ್ಷರ ಕೂಡಿಸಿ ಓದಲು ನೋಡಿದಳು, ಆಗಲಿಲ್ಲ. ಕೆಂಪು ಮುಟ್ಟಿದರೆ ಎಲ್ಲಾ ಹೋಯಿತು ಎಂದಿದ್ದನಲ್ಲ. ಬೆರಳನ್ನು ಸೆರಗಿಗೆ ಒರೆಸಿಕೊಂಡು ಹಸಿರನ್ನು ಒತ್ತಿದಳು. ಮೊದಲ ಸಲ ಫೋನಿಗೆ ಗೊತ್ತಾಗಲಿಲ್ಲ. ಇನ್ನೂ ಗಟ್ಟಿಯಾಗಿ ಒತ್ತಿದಳು.

ಪಾಸಾದವರ ಪಟ್ಟಿ ಗೋಡೆಗೆ ಬಂದಾಗ ದೊಡ್ಡವಳ ಹೆಸರು ಅದರಲ್ಲಿತ್ತು. ಚಿಕ್ಕವಳದು ಪಾಸಾದವರಲ್ಲೂ ಇಲ್ಲ, ಫೇಲಾದವರಲ್ಲೂ ಇಲ್ಲ. ಇಬ್ಬರೂ ಸೀಟಿಯ ಮುಂದೆ ಹೋಗಿ ನಿಂತರು.

"ನಿಂದು ಡೂಪ್ಲಿಕೇಟ್ ಖಾತೆ," ಎಂದ ಅವನು ಚಿಕ್ಕವಳಿಗೆ. "ಒಂದೇ ನಂಬರು, ಒಂದೇ ಮನೆ, ಒಂದೇ ಹುಟ್ಟಿದ ತಾರೀಕು. ಒಬ್ಳೇ ಎರಡು ಖಾತೆ ತೆಗ್ದಿದಾಳೆ ಅಂತ ಕಂಪನಿಯವರು ಎರಡನ್ನೂ ಸೇರಿಸಿ ಒಂದು ಮಾಡಿದಾರೆ. ಮೊದಲು ತೆಗೆದ ಖಾತೆ ಹೆಸರು ಉಳಿಯುತ್ತೆ, ಹೆಚ್ಚಿನ ಮಾರ್ಕು ಉಳಿಯುತ್ತೆ. ಅವರ ರೂಲು ಹಂಗೆ."

"ನಾನು ಇಲ್ಲೇ ನಿಂತಿದೀನಲ್ಲ ಸಾರ್."

"ನಿಂತಿದೀಯ. ಕಂಪ್ಯೂಟರಲ್ಲಿ ಇಲ್ಲ."

ನಂಬರು ಕೊಟ್ಟವರು ನೀವೇ ಅಲ್ಲವೇ ಎಂದು ಚಿಕ್ಕವಳು ಕೇಳಿದಳು. ಅದಕ್ಕವನು, ಸೇರಿಸುವ ಮುಂಚೆ ಕಂಪನಿಯವರು ಕೇಳಿದ್ದಾರೆ, ನಿಮ್ಮ ಫೋನಿನಿಂದಲೇ ಯಾರೋ ಒಪ್ಪಿಕೊಂಡಿದ್ದಾರೆ, ಇನ್ನು ಬಿಡಿಸುವುದಕ್ಕೆ ಬರುವುದಿಲ್ಲ ಎಂದ. ದೊಡ್ಡವಳಿಗೆ ಆ ಮಧ್ಯಾಹ್ನದ ಹಸಿರು ಬಟನ್ ನೆನಪಾಯಿತು. ಸಾಲದ್ದಕ್ಕೆ ಅವನು, ಎರಡು ಖಾತೆ ಮಾಡಿ ಮೋಸ ಮಾಡಲು ನೋಡಿದವರ ಮೇಲೆ ಕೇಸು ಹಾಕದಿರುವುದೇ ಹೆಚ್ಚು ಎಂದೂ ಸೇರಿಸಿದ. ಚಿಕ್ಕವಳು ತಲೆ ತಗ್ಗಿಸಿಕೊಂಡು ಹೊರಗೆ ಬಂದಳು. ಪಾಸಾದವಳು ಅವಳು, ಕಳ್ಳಿ ಅನ್ನಿಸಿಕೊಂಡವಳೂ ಅವಳೇ.

ಕೋರ್ಸಿನ ಕಂಪನಿಗೆ ಫೋನು ಮಾಡಿದರೆ ಒಂದು ನಯವಾದ ಹೆಣ್ಣುದನಿ, ದೂರು ಕೊಡಲು ನಿಮ್ಮ ಖಾತೆಗೆ ಲಾಗಿನ್ ಆಗಿ ಎಂದಿತು. ಖಾತೆಯೇ ಇಲ್ಲ ಎಂದರೂ ಅದೇ ಮಾತು.

ಮನೆಗೆ ಬಂದ ಚಿಕ್ಕವಳು, ನಾನಂತೂ ಒತ್ತಿಲ್ಲ, ಮತ್ಯಾರು ಎಂದು ಎಲ್ಲರ ಮುಖ ನೋಡಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ದೊಡ್ಡವಳು ಒತ್ತಿದ ಬೆರಳನ್ನು ಸೆರಗಿನೊಳಗೆ ಸುತ್ತಿಕೊಂಡಳು. ಸ್ಕೂಲಿಂದ ಬಂದ ಮೇಲೆ ಫೋನು ಹಿಡಿಯುವ ಅಭ್ಯಾಸ ಇದ್ದದ್ದು ಚಿಕ್ಕವಳ ಮಗಳಿಗೆ. ಚಿಕ್ಕವಳು ಹಿಂದುಮುಂದು ನೋಡದೆ ಹುಡುಗಿಯ ಕೆನ್ನೆಗೆ ಎರಡು ಬಿಟ್ಟಳು. ನಾನಲ್ಲಮ್ಮ, ನಾನಲ್ಲ ಎಂದು ಹುಡುಗಿ ಅಳುತ್ತ ಬಂದು ದೊಡ್ಡಮ್ಮನನ್ನೇ ಅವಚಿಕೊಂಡಿತು.

ದೊಡ್ಡವಳು ಬಾಯಿ ಬಿಡಲಿಲ್ಲ. ಹೇಳಿದರೆ ಎಲ್ಲಿ ಇದ್ದ ಒಂದು ಕೆಲಸವೂ ಹೋಗುತ್ತದೋ ಎಂದು ತನಗೆ ತಾನೇ ಹೇಳಿಕೊಂಡಳು. ಅದು ಸುಳ್ಳೇನಲ್ಲ. ಆದರೆ ಮಗುವಿನ ಬಿಸಿ ಕೆನ್ನೆ ತನ್ನ ಹೊಟ್ಟೆಗೆ ಒತ್ತಿಕೊಂಡಿದ್ದಾಗ ಅವಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಷ್ಟು ನಾಚಿಕೆ ಅವಳಿಗೆ ಹೇಲು ಉಚ್ಚೆ ಬಳಿಯುವಾಗಲೂ ಆಗಿರಲಿಲ್ಲ.

ಚಿಕ್ಕವಳನ್ನು ಗೇಟಿನಿಂದ ಒಳಗೆ ಬಿಡುವುದು ನಿಂತಿತು. ಖಾತೆ ಒಂದಾಯಿತು, ನೆಲ ಮಾತ್ರ ಒಂದಾಗಲಿಲ್ಲ. ಅವಳು ಗುಡಿಸುತ್ತಿದ್ದ ವಾರ್ಡುಗಳೂ ದೊಡ್ಡವಳ ತಲೆಗೇ ಬಂದವು. ಹೀಗೇ ಎಷ್ಟೋ ಮನೆಗಳಲ್ಲಿ ಆಗಿತ್ತು. ಅತ್ತೆಯೊಳಗೆ ಸೊಸೆ ಸೇರಿಹೋಗಿದ್ದಳು, ಅಕ್ಕನೊಳಗೆ ತಂಗಿ. ಉಳಿದವರೆಲ್ಲ ದೊಡ್ಡವಳ ಹಾಗೇ ತುಟಿ ಹೊಲಿದುಕೊಂಡು ಎರಡಾಳಿನ ಕೆಲಸ ಎಳೆಯುತ್ತಿದ್ದರು.

ಗುತ್ತಿಗೆದಾರನ ಕೋಣೆ ಒರೆಸುವಾಗ ಅವಳಿಗೆ ಒಳಗುಟ್ಟು ತಿಳಿಯಿತು. ನೆಲ ಒರೆಸುವವಳ ಮುಂದೆ ದೊಡ್ಡವರು ಏನು ಬೇಕಾದರೂ ಮಾತಾಡುತ್ತಾರೆ, ಅವಳಿಗೆ ಕಿವಿ ಇರುವುದಿಲ್ಲವಲ್ಲ. ಆಳು ಕಡಿಮೆ ಮಾಡೆಂದು ಆಸ್ಪತ್ರೆಯವರು ಪ್ರಾಣ ತಿನ್ನುತ್ತಿದ್ದರು, ಸುಮ್ಮನೆ ತೆಗೆದಿದ್ದರೆ ನೋಟೀಸು, ಗಲಾಟೆ ಎಂದು ಗುತ್ತಿಗೆದಾರ ನಿಟ್ಟುಸಿರುಬಿಟ್ಟ. ಸೀಟಿ ಹಲ್ಲು ಕಿರಿದ.

"ಈಗ ಒಬ್ಬರನ್ನೂ ತೆಗೆದಿಲ್ಲಣ್ಣ. ಬರೀ ಡೂಪ್ಲಿಕೇಟ್ ತೆಗೆದಿದೀವಿ. ಮನೆಗೆ ಒಂದೇ ಫೋನು ಅಂತ ನಂಗೆ ಗೊತ್ತಿರ್ಲಿಲ್ವಾ?"

ದೊಡ್ಡವಳು ಅವರ ಕಾಲ ಕೆಳಗಿನ ನೆಲವನ್ನೂ ಒರೆಸಿ ಹೊರಗೆ ಬಂದಳು. ಮೆಟ್ಟಿಲ ಮೇಲೆ ಕೂತು ತನ್ನ ಬಾಯಿಗೆ ತಾನೇ ಹಾಕಿಕೊಂಡ ಬೀಗವನ್ನು ಶಪಿಸಿಕೊಂಡಳು. ಇವರೋ ಕಸಾಯಿಗಳು, ಆದರೆ ಕುರಿಯ ಕಾಲು ಹಿಡಿದುಕೊಟ್ಟವಳು ನಾನಲ್ಲವೇ ಎಂಬ ಮಾತು ಅವಳನ್ನು ಒಳಗೇ ತಿನ್ನುತ್ತಿತ್ತು.

ಸರ್ಟಿಫಿಕೇಟು ಕೊಡುವ ದಿನ ದೊಡ್ಡ ಹಾಲಿನಲ್ಲಿ ಬ್ಯಾನರು ಕಟ್ಟಿದರು. ಕೋರ್ಸಿನ ಕಂಪನಿಯಿಂದ ಒಬ್ಬ ಮೇಡಮ್ಮು ಬಂದಿದ್ದಳು. ಹೆಂಗಸರಿಗೆಲ್ಲ ಹೊಸ ಗ್ಲೌಸು ಹಾಕಿಸಿ ಸಾಲಾಗಿ ಕೂರಿಸಿದ್ದರು. ಮೊದಲು ಕರೆದದ್ದೇ ದೊಡ್ಡವಳನ್ನು, ಅವಳದೇ ಎಲ್ಲರಿಗಿಂತ ಹೆಚ್ಚಿನ ಮಾರ್ಕು. ಮೇಡಮ್ಮು ವಿಡಿಯೋಗೆಂದು ಮೈಕು ಕೊಟ್ಟು, ಈ ಕೋರ್ಸಿನಿಂದ ನಿಮ್ಮ ಜೀವನ ಹೇಗೆ ಬದಲಾಯಿತು, ಎರಡು ಮಾತು ಹೇಳಿ ಅಮ್ಮ ಎಂದಳು.

ಎದುರಿಗೆ ನೂರು ಮುಖ. ಎಲ್ಲಕ್ಕಿಂತ ಮುಂದೆ ಬಂದು ನಿಂತದ್ದು ಅಲ್ಲಿಲ್ಲದ ಮಗುವಿನ ಮುಖ.

"ಈ ಮಾರ್ಕು ನಂದಲ್ಲ," ಎಂದಳು. "ನನ್ನ ಓರಗಿತ್ತಿದು. ಅವಳನ್ನ ನನ್ನೊಳಗೆ ಸೇರಿಸಿಬಿಟ್ರು. ಸೇರಿಸ್ಲಾ ಅಂತ ಫೋನು ಕೇಳ್ದಾಗ ಹಸಿರು ಒತ್ತಿದ್ದು ನಾನೇ, ಓದಕ್ಕೆ ಬರ್ದೆ. ಅದು ತಪ್ಪಲ್ಲ. ಗೊತ್ತಾದ್ಮೇಲೂ ಬಾಯ್ಮುಚ್ಕೊಂಡು ಕೂತೆ, ಮಗೂಗೆ ಏಟು ತಿನ್ನಿಸ್ದೆ. ಅದು ತಪ್ಪು. ಎರಡು ಆಳಿನ ನೆಲ ಈಗ್ಲೂ ನಾನೇ ಒರೆಸ್ತಿದೀನಿ. ಖಾತೆ ಸೇರಿಸ್ದೋರು ನೆಲಾನೂ ಸೇರಿಸ್ಬೇಕಿತ್ತು."

ಮೇಡಮ್ಮು ಮೈಕಿಗೆ ಕೈ ಚಾಚಿ, ಇದೊಂದು ಟೆಕ್ನಿಕಲ್ ಸಮಸ್ಯೆ, ಒಂದು ಮೇಲ್ ಹಾಕಿ ಎಂದಳು. ಸೀಟಿ ಕೆಳಗಿನಿಂದ, ಇಳೀತೀಯೋ ಇಲ್ವೋ ಎಂದು ಹಲ್ಲು ಕಡಿದ. ದೊಡ್ಡವಳು ಮೈಕು ಬಿಡಲಿಲ್ಲ. ಗುತ್ತಿಗೆದಾರನ ಕೋಣೆಯಲ್ಲಿ ಕೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದಳು.

ಹಾಲಿನಲ್ಲಿ ಗುಸುಗುಸು ಎದ್ದಿತು. ಶವಾಗಾರ ತೊಳೆಯುವ ಮುದುಕಿ ಎದ್ದು ನಿಂತು, "ನನ್ನೊಳಗೆ ನನ್ನ ಸೊಸೆ ಇದಾಳೆ," ಎಂದಳು. ಅವಳ ಹಿಂದಿನವಳು, ನನ್ನೊಳಗೆ ನನ್ನ ತಂಗಿ ಎಂದಳು. ಆಮೇಲೆ ಯಾರು ಏನೆಂದರೆಂದು ಕೇಳಿಸಲಿಲ್ಲ, ಎಲ್ಲರೂ ಎದ್ದಿದ್ದರು. ಗ್ಲೌಸು ಕಳಚಿ ಕುರ್ಚಿಗಳ ಮೇಲೆ ಎಸೆದು ಹೊರಗೆ ನಡೆದರು.

ಬೇರೆ ಕಡೆ ಕೆಲಸ ಕೇಳಲು ಹೊರಟಿದ್ದ ಚಿಕ್ಕವಳು ಬೀಗದ ಕೈ ಕೊಡಲು ಬಂದು ಗೇಟಿನಾಚೆ ನಿಂತಿದ್ದಳು. ದೊಡ್ಡವಳು ಅವಳ ಮುಖ ನೋಡಲಾರದೆ ನೆಲ ನೋಡುತ್ತಲೇ ಎಲ್ಲ ಹೇಳಿದಳು. ಚಿಕ್ಕವಳು ಬೀಗದ ಕೈಯನ್ನು ಅಕ್ಕನ ಅಂಗೈಗೆ ಹಾಕಿದಳು. ಕೈ ಮಾತ್ರ ಹಿಡಿಯಲಿಲ್ಲ.

"ನಂಗ್ಯಾಕೆ ಹೇಳ್ತೀಯಕ್ಕ," ಎಂದಳು. "ಏಟು ತಿಂದಿದ್ದು ಮಗು. ಹೋಗಿ ಅದಕ್ಕೆ ಹೇಳು. ನಿಂದಾದ್ಮೇಲೆ ನಾನೂ ಹೇಳ್ಬೇಕು."

ಹಾಗೆಂದವಳು ಗೇಟಿನ ಮುಂದೆ ಕೂತಿದ್ದ ಹೆಂಗಸರ ಸಾಲಿನಲ್ಲಿ ಹೋಗಿ ಕೂತಳು. ಒಳಗಿನಿಂದ ಒಬ್ಬ ನರ್ಸು ಓಡಿಬಂದು, ಮೇಲಿನ ವಾರ್ಡಿನಲ್ಲಿ ನೆಲವೆಲ್ಲ ಗಲೀಜಾಗಿದೆ, ಒಬ್ಬರಾದರೂ ಬನ್ನಿ ಎಂದು ಅಂಗಲಾಚಿದಳು. ಯಾರೂ ಏಳಲಿಲ್ಲ. ದೊಡ್ಡವಳು ಮನೆಯ ಕಡೆ ಹೊರಟಳು, ಮಗು ಸ್ಕೂಲಿಂದ ಬರುವ ಹೊತ್ತಾಗಿತ್ತು.