ಮುಚ್ಚಳದ ವಾಸನೆ

"ಲ್ಯಾಕರ್ರು. ಅನುಮಾನಾನೇ ಬೇಡ," ಎಂದು ಮಾವ ನೀಲಿ ಸ್ಪ್ರೇ ಡಬ್ಬಿಯ ಮುಚ್ಚಳವನ್ನು ಮೂಗಿನಿಂದ ಕೆಳಗಿಳಿಸಿದರು.

ಮುಚ್ಚಳ ಮೂಸುವುದರಲ್ಲೂ ಅವರದೊಂದು ಠೀವಿ ಇತ್ತು. ಕಣ್ಣು ಮುಚ್ಚಬೇಕು, ಕತ್ತು ಎಡಕ್ಕೆ ವಾಲಬೇಕು, ಒಂದು ಹೊಳ್ಳೆಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿಯಬೇಕು. ಬಸ್ಸುಗಳಿಗೆ ಬಣ್ಣ ಹೊಡೆಯುವ ಶೆಡ್ಡಿನಲ್ಲಿ ಮೂವತ್ನಾಲ್ಕು ವರ್ಷ ಹೀಗೆ ಮೂಸಿ ಮೂಸಿಯೇ ಅವರು ಮೂಗಣ್ಣ ಎನ್ನಿಸಿಕೊಂಡಿದ್ದರು. ಚೀಟಿ ಕಿತ್ತುಹೋದ ಯಾವ ಡಬ್ಬಿ ಸಿಕ್ಕರೂ "ಮೂಗಣ್ಣನ ಹತ್ತಿರ ಹಿಡಿ" ಎನ್ನುವುದು ಅಲ್ಲಿನ ರೂಢಿ. ಮಿಕ್ಕವರು ಮೊದಲು ತುಂಡು ಹಲಗೆಯ ಮೇಲೆ ಬಣ್ಣ ಹೊಡೆದು ನೋಡುತ್ತಿದ್ದರೆ ಇವರಿಗೆ ನಗುವೋ ನಗು. "ಹಲಗೆ ಇರೋದು ಮೂಗಿಲ್ಲದವರಿಗೆ," ಎನ್ನುತ್ತಿದ್ದರು.

ಈಗ ಆ ಮೂಗು ಮುಖದ ಮೇಲಿದ್ದದ್ದು ಬರೀ ಕನ್ನಡಕ ನಿಲ್ಲಿಸುವುದಕ್ಕೆ. ಏಳು ತಿಂಗಳ ಹಿಂದೆ ಬಂದ ಜ್ವರ ನಾಲ್ಕೇ ದಿನಕ್ಕೆ ಹೋಯಿತು; ಹೋಗುವಾಗ ವಾಸನೆಯನ್ನೂ ಗಂಟುಕಟ್ಟಿಕೊಂಡು ಹೋಯಿತು. ಮೂಗಣ್ಣ ಯಾರಿಗೂ ಬಾಯಿ ಬಿಡಲಿಲ್ಲ. ಮೂಗಣ್ಣನಿಗೆ ಮೂಗಿಲ್ಲ ಎಂದರೆ ಉಳಿಯುವುದಾದರೂ ಏನು? ದಿನಾ ಬೆಳಿಗ್ಗೆ ಸೊಸೆ ಕಾಫಿ ತಂದಿಟ್ಟ ಕೂಡಲೇ "ಆಹಾ, ಏನು ಘಮ!" ಎನ್ನುವುದನ್ನು ಮಾತ್ರ ತಪ್ಪಿಸಲಿಲ್ಲ. ಒಂದು ದಿನ ಮುಚ್ಚಿದ ಲೋಟದಲ್ಲಿದ್ದದ್ದು ಬರೀ ಬಿಸಿನೀರು. ಅಂದೂ ಹೊಗಳಿಬಿಟ್ಟರು.

ಅಂಥವರ ಕೈಗೆ ಸೊಸೆ ತನ್ನ ಗಿಟಾರನ್ನು ತಂದುಕೊಟ್ಟಿದ್ದಳು. ಮಕ್ಕಳಿಗೆ ಸಂಗೀತ ಹೇಳಿಕೊಡುವವಳು, ಮೊದಲ ಸಂಬಳದಲ್ಲಿ ಕೊಂಡ ಗಿಟಾರು. ಮೆಟ್ಟಿಲ ಮೇಲಿಂದ ಉರುಳಿ ಮೈಯ ಬಣ್ಣವೆಲ್ಲ ಚಕ್ಕೆ ಎದ್ದಿತ್ತು. ಹೊಸದು ತಗೋ ಎಂದು ಗಂಡ ಹೇಳಿದರೆ ಕೇಳದೆ, ಹಿತ್ತಲಿನ ಕೋಣೆಯಲ್ಲಿ ಸುಮ್ಮನೆ ಕೂತಿದ್ದ ಮಾವನ ಮುಂದೆ ಇಟ್ಟಳು. ಕೆಲಸ ಬಿಟ್ಟ ಮೇಲೆ ಇವರ ಕೈಗೆ ಯಾರೂ ಏನೂ ಕೊಟ್ಟಿರಲಿಲ್ಲ. ಬೇಡ ಎನ್ನಲು ನಾಲಿಗೆ ಏಳಲಿಲ್ಲ.

ಹಳೆಯ ಬಣ್ಣವನ್ನು ಉಜ್ಜಿ ಉಜ್ಜಿ ಮರದವರೆಗೂ ತೆಗೆದದ್ದಾಗಿತ್ತು. ಮೇಲೆ ಹೊಡೆಯುವ ಹೊಳಪಿನ ಡಬ್ಬಿ ಅಂಗಡಿಯಿಂದ ತಂದ ಹೊಸದು. ಅದರ ಮೇಲೆ ಲ್ಯಾಕರ್ ಎಂದು ದೊಡ್ಡದಾಗಿಯೇ ಬರೆದಿತ್ತು. ಪೇಚಿದ್ದದ್ದು ನೀಲಿಯದು. ಅಟ್ಟದ ಮೇಲೆ ಸಿಕ್ಕ ಹಳೆಯ ಡಬ್ಬಿ, ಚೀಟಿಯನ್ನು ಜಿರಲೆ ತಿಂದುಹಾಕಿತ್ತು. ಸೊಸೆಗೋ ಅದೇ ನೀಲಿ ಬೇಕು.

"ಎರಡೂ ಒಂದೇ ಆಗಿರ್ಬೇಕಾ ಮಾವ?"

"ಬಣ್ಣದಲ್ಲಿ ಎರಡು ಮನೆತನ ಇದೆ ಕಣಮ್ಮ. ಲ್ಯಾಕರ್ ಮನೆಯವರದು ಬಾಳೆಹಣ್ಣಿನ ವಾಸನೆ, ಎನಾಮಲ್ ಮನೆಯವರದು ಸೀಮೆಎಣ್ಣೆ. ಕೆಳಗೆ ಎನಾಮಲ್ ಇದ್ದು, ಮೇಲೆ ಲ್ಯಾಕರ್ ಬಂತೋ, ಮುಗೀತು. ಒಂದು ಗಳಿಗೇನೂ ಕೂಡಿ ಬಾಳಲ್ಲ."

"ಅತ್ತೆ ಸೊಸೆ ಥರಾನಾ?"

"ಮಾವ ಸೊಸೆ ಥರ ಅಂತೂ ಅಲ್ಲ," ಎಂದು ಮಾವ ನಕ್ಕರು. ನಗುತ್ತಲೇ ಮುಚ್ಚಳವನ್ನು ಇನ್ನೊಮ್ಮೆ ಮೂಸಿದರು. ಗಾಳಿ ಒಳಗೆ ಹೋಯಿತು, ಹೊರಗೆ ಬಂತು, ಅಷ್ಟೆ. ಮೂಲೆಯಲ್ಲಿ ತುಂಡು ಹಲಗೆಗಳು ರಾಶಿ ಬಿದ್ದಿದ್ದವು. ಅವುಗಳ ಕಡೆ ಕಣ್ಣು ಹೋದದ್ದು ನಿಜ. ಆದರೆ ಸೊಸೆಯ ಎದುರು ಮೂಗಣ್ಣ ಹಲಗೆ ಎತ್ತಿಕೊಳ್ಳುವುದೇ? ಗಿಟಾರನ್ನು ಕೊಕ್ಕೆಗೆ ನೇತುಹಾಕಿ ಡಬ್ಬಿ ಕುಲುಕಿದರು.

ನೀಲಿ ಎಷ್ಟು ಚೆನ್ನಾಗಿ ಕೂತಿತೆಂದರೆ ಅವರಿಗೇ ಹೆಮ್ಮೆ ಎನಿಸಿತು. ಕೈ ಇನ್ನೂ ನಡುಗುತ್ತಿರಲಿಲ್ಲ. ಸೊಸೆ ಬಾಗಿಲಲ್ಲಿ ನಿಂತು ನೋಡಿದಳು, ಮೂಗಿಗೆ ಸೆರಗು ಹಿಡಿದಳು, ಏನೋ ಹೇಳಲು ಬಾಯಿ ತೆರೆದವಳು ಸುಮ್ಮನಾದಳು.

ಎರಡು ದಿನ ಬಿಟ್ಟು ಹೊಳಪು ಹೊಡೆದರು. ಡಬ್ಬಿ ಕೆಳಗಿಟ್ಟು, ಕನ್ನಡಕ ಒರೆಸಿ ನೋಡುವಷ್ಟರಲ್ಲಿ ನೀಲಿಯೆಲ್ಲ ಆರಿದ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿ ಎದ್ದಿತ್ತು. ಮೂಗು ಹೇಳದ್ದನ್ನು ಕಣ್ಣು ಹೇಳಿತು. ಕೆಳಗಿದ್ದದ್ದು ಎನಾಮಲ್ಲು. ಮಾವ ಸ್ಟೂಲಿನ ಮೇಲೆ ಕುಸಿದು ಕೂತರು.

ಸೊಸೆ ಬಂದಳು. ಗಿಟಾರು ನೋಡಿದಳು, ಮಾವನನ್ನು ನೋಡಿದಳು, ತಾನೂ ಒಂದು ಡಬ್ಬ ಬೋರಲು ಹಾಕಿ ಪಕ್ಕದಲ್ಲಿ ಕೂತಳು.

"ನನಗೆ ವಾಸನೆ ಬರಲ್ಲ ಕಣಮ್ಮ," ಎಂದರು ಮಾವ, ನೆಲ ನೋಡುತ್ತ. "ಜ್ವರ ಬಂದಾಗಿಂದ. ಒಂದು ಚೂರೂ ಬರಲ್ಲ."

"ಗೊತ್ತು ಮಾವ."

"ಗೊತ್ತಾ? ಯಾವಾಗಿಂದ?"

"ಬಿಸಿನೀರನ್ನ ಹೊಗಳಿದ್ರಲ್ಲ, ಆವತ್ತಿಂದ."

ಮಾವನ ಮುಖ ಕಿವಿಯ ತನಕ ಕೆಂಪಾಯಿತು.

"ಮೊನ್ನೆ ನೀಲಿ ಹೊಡೀವಾಗ ನಂಗೆ ಸೀಮೆಎಣ್ಣೆ ವಾಸನೆ ಬಂತು," ಎಂದಳು ಸೊಸೆ. "ನೀವು ಹೇಳಿದ್ದು ನೆನಪಿತ್ತು. ಆದ್ರೂ ಹೇಳಲಿಲ್ಲ."

"ಹುಚ್ಚಿ! ನಿನ್ನ ಗಿಟಾರು ಕಣೇ ಅದು. ಹಾಳಾಗತ್ತೆ ಅಂತ ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ಯಾ?"

"ಗಿಟಾರಿಗೆ ಇನ್ನೊಂದ್ಸಲ ಬಣ್ಣ ಹೊಡೀಬಹುದು ಮಾವ."

ಮಗನ ಮದುವೆಯಾಗಿ ಒಂಬತ್ತು ವರ್ಷವಾಗಿತ್ತು. ಈ ಹುಡುಗಿಯ ಮೇಲೆ ತಮಗೆ ಇಷ್ಟು ಪ್ರೀತಿ ಇದೆಯೆಂದು ಮಾವನಿಗೇ ಗೊತ್ತಿರಲಿಲ್ಲ. ಸ್ಟೂಲಿನಿಂದ ಎದ್ದು, "ಸ್ಯಾಂಡ್‌ಪೇಪರ್ ಎಲ್ಲಿಟ್ಟಿದೀಯ?" ಎಂದು ಗದರಿದರು.

ಸುಕ್ಕೆಲ್ಲ ಕೆರೆದು ಮರ ಕಾಣಿಸಲು ಹದಿನೈದು ದಿನ ಹಿಡಿಯಿತು. ಒಂದು ಬದಿ ಮಾವ, ಇನ್ನೊಂದು ಬದಿ ಸೊಸೆ. ನೀಲಿ ಪುಡಿ ಇಬ್ಬರ ಹುಬ್ಬಿನ ಮೇಲೂ ಕೂತು, ಊಟಕ್ಕೆ ಬಂದ ಮಗ "ಇದೇನು ಅವತಾರ!" ಎಂದು ನಕ್ಕ. ಹೊಸ ನೀಲಿ ತರಲು ಪೇಂಟಿನ ಅಂಗಡಿಗೂ ಇಬ್ಬರೇ ಹೋದರು. ಅಂಗಡಿಯವನು ಡಬ್ಬಿಯ ಮೇಲಿನ ಅಕ್ಷರ ತೋರಿಸಿ "ಲ್ಯಾಕರ್ರೇ ಸಾರ್, ನೋಡಿ" ಎಂದರೆ, ಮಾವ "ಚೀಟಿ ಏನು ಬೇಕಾದ್ರೂ ಹೇಳತ್ತಪ್ಪ" ಎಂದು ಸೊಸೆಯ ಕಡೆ ನೋಡಿದರು.

ಮನೆಗೆ ಬಂದು ಗಿಟಾರನ್ನು ಕೊಕ್ಕೆಗೆ ಏರಿಸಿದ ಮೇಲೆ ಡಬ್ಬಿಯಿಂದ ಮುಚ್ಚಳದೊಳಕ್ಕೆ ಚೂರು ಹಾರಿಸಿ ಅವಳ ಕೈಗೆ ಕೊಟ್ಟರು. "ಹಾಗಲ್ಲ. ಕಣ್ಣು ಮುಚ್ಚು. ಕತ್ತು ಎಡಕ್ಕೆ. ಹಾಂ, ಹೆಬ್ಬೆರಳು."

ಅವಳು ಕಣ್ಣು ಮುಚ್ಚಿ, ಕತ್ತು ವಾಲಿಸಿ, ಒಂದು ಹೊಳ್ಳೆ ಒತ್ತಿ ಹಿಡಿದು ಮೂಸಿದಳು. ಮಾವ ಉಸಿರು ಬಿಗಿಹಿಡಿದು ಅವಳ ಮುಖವನ್ನೇ ನೋಡುತ್ತಿದ್ದರು.

"ಬಾಳೆಹಣ್ಣು," ಎಂದಳು.

ಮಾವ ಮುಚ್ಚಳವನ್ನು ಇಸಿದುಕೊಂಡರು. ಅದೇ ಠೀವಿಯಿಂದ ತಾವೂ ಒಮ್ಮೆ ಮೂಸಿದರು. ಗಾಳಿ ಒಳಗೆ ಹೋಯಿತು, ಹೊರಗೆ ಬಂತು.

"ಹೌದು," ಎಂದರು. "ಚೆನ್ನಾಗಿ ಹಣ್ಣಾಗಿದೆ."

ಆಮೇಲೆ ಮೂಲೆಗೆ ಹೋಗಿ, ಒಂದು ತುಂಡು ಹಲಗೆ ಆರಿಸಿ, ಧೂಳು ಒರೆಸಿ, ಗಿಟಾರಿನ ಪಕ್ಕದ ಮೊಳೆಗೆ ನೇತುಹಾಕಿದರು.